ಎಲ್ಲದಕ್ಕೂ ಪಿ 0.001 ಬಂದರೆ: ಅಳಿವೆ ಕೆಸರಿನ 16ಎಸ್ ದತ್ತಾಂಶದಲ್ಲಿ ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು ಒಂದು ಗುಂಪು. ಪಕ್ಕದಲ್ಲೇ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಯ ಮಣ್ಣು ಇನ್ನೊಂದು ಗುಂಪು. ಬ್ಯಾಕ್ಟೀರಿಯಾಗಳನ್ನು ಗುರುತಿಸುವ 16ಎಸ್ ಜೀನ್‌ನ ಸೀಕ್ವೆನ್ಸಿಂಗ್ ಮುಗಿದು ಫೈಲುಗಳು ಬಂದಿವೆ. ಎರಡು ಸ್ಯಾಂಪಲ್‌ಗಳ ಜೀವಿಗಳು ಎಷ್ಟು ಭಿನ್ನ ಎಂದು 0ಯಿಂದ 1ರವರೆಗೆ ಅಳೆಯುವ ಬ್ರೇ-ಕರ್ಟಿಸ್ ದೂರ ಲೆಕ್ಕ ಹಾಕಿ, ಆ ದೂರಗಳನ್ನು ಚುಕ್ಕೆಗಳಾಗಿ ತೋರಿಸುವ ಪಿಸಿಓಎ ಚಿತ್ರ ತೆಗೆದರೆ ಚುಕ್ಕೆಗಳು ಎರಡು ಗುಂಪಾಗಿ ಚೆನ್ನಾಗಿ ಬೇರೆಯಾಗಿವೆ. ಗುಂಪುಗಳ ವ್ಯತ್ಯಾಸವನ್ನು ಪರೀಕ್ಷಿಸುವ ಪರ್ಮನೋವಾ ಓಡಿಸಿದರೆ ಪಿ ಬೆಲೆ (ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.001. ಜಾಗದ ಬದಲು ಋತು ಹಾಕಿದರೂ 0.001, ಕೆಸರಿನ ಆಳ ಹಾಕಿದರೂ 0.001. ಅನುಮಾನ ಬಂದು ಡಿಎನ್‌ಎ ತೆಗೆದ ತಾರೀಕು ಹಾಕಿ ನೋಡಿದರೆ ಅಲ್ಲೂ 0.001.

ತಾರೀಕಿಗೆ ಆ ಬೆಲೆ ಬಂದ ಕ್ಷಣ ವಿಶ್ಲೇಷಣೆ ನಿಲ್ಲಿಸಿ ದೋಷ ಹುಡುಕಬೇಕು.

ಮೊದಲು ಆ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಿ. ಪರ್ಮನೋವಾ ಗುಂಪಿನ ಹೆಸರುಗಳನ್ನು ಸ್ಯಾಂಪಲ್‌ಗಳ ನಡುವೆ 999 ಸಲ ಕಲಸುತ್ತದೆ, ಪ್ರತಿ ಸಲವೂ ಎಫ್ ಬೆಲೆ (ಗುಂಪುಗಳ ನಡುವಿನ ವ್ಯತ್ಯಾಸಕ್ಕೂ ಗುಂಪಿನ ಒಳಗಿನದಕ್ಕೂ ಇರುವ ಅನುಪಾತ) ಲೆಕ್ಕ ಹಾಕುತ್ತದೆ. ನಿಜವಾದ ಎಫ್ ಬೆಲೆಯನ್ನು ಕಲಸಿದ ಒಂದು ಸಲವೂ ಮುಟ್ಟದಿದ್ದರೆ ಉತ್ತರ ಸಾವಿರಕ್ಕೆ ಒಂದು. 999 ಸಲ ಕಲಸಿದಾಗ ಸಿಗಬಹುದಾದ ಅತಿ ಚಿಕ್ಕ ಬೆಲೆಯೇ ಅದು. ವ್ಯತ್ಯಾಸ ಎಷ್ಟು ದೊಡ್ಡದು ಎಂದಾಗಲಿ, ಅದಕ್ಕೆ ಕಾರಣ ಏನು ಎಂದಾಗಲಿ ಅದು ಹೇಳುವುದಿಲ್ಲ. ಎಷ್ಟು ದೊಡ್ಡದು ಎಂದು ತಿಳಿಯಲು ಒಟ್ಟು ವ್ಯತ್ಯಾಸದಲ್ಲಿ ಗುಂಪಿನ ಪಾಲೆಷ್ಟು ಎಂದು ಹೇಳುವ ಆರ್-ಸ್ಕ್ವೇರ್ ನೋಡಬೇಕು. ಕಾರಣ ಏನು ಎಂದು ತಿಳಿಯಲು ಕೆಸರು ತೆಗೆದ ದಿನದಿಂದ ಲೆಕ್ಕ ಒಪ್ಪಿಸುತ್ತ ಬರಬೇಕು.

ನನ್ನ ಮಟ್ಟಿಗೆ ಇಂಥ ದತ್ತಾಂಶದಲ್ಲಿ ಸೂತ್ರ ತಪ್ಪಿರುವುದು ಅಪರೂಪ. ದೋಷ ಹೆಚ್ಚಾಗಿ ಕೆಸರಿಗೂ ಎಣಿಕೆಯ ಕೋಷ್ಟಕಕ್ಕೂ ನಡುವೆ ಎಲ್ಲೋ ಇರುತ್ತದೆ. ಅದಕ್ಕೇ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ. ಮೊದಲಿನ ಹೆಜ್ಜೆಯ ದೋಷ ಉಳಿದರೆ ಮುಂದಿನ ಹೆಜ್ಜೆಯಲ್ಲಿ ಅದು ಜೀವಶಾಸ್ತ್ರದ ಸಂಗತಿಯಂತೆಯೇ ಕಾಣುತ್ತದೆ.

ಫೀಲ್ಡ್ ನೋಟ್‌ಬುಕ್‌ನಿಂದ ಶುರು ಮಾಡಿ

ಒಂದು ಚಿಕ್ಕ ಕೋಷ್ಟಕ ಬರೆಯಿರಿ. ಅಡ್ಡಸಾಲಿನಲ್ಲಿ ನೀವು ಹೋಲಿಸಬೇಕೆಂದಿರುವ ಗುಂಪುಗಳು. ಕಂಬಸಾಲಿನಲ್ಲಿ ಸ್ಯಾಂಪಲ್ ತೆಗೆದ ದಿನ, ಆಗ ಭರತವೋ ಇಳಿತವೋ, ಡಿಎನ್‌ಎ ಕಿಟ್, ಎಕ್ಸ್‌ಟ್ರಾಕ್ಷನ್ ಮಾಡಿದ (ಡಿಎನ್‌ಎ ತೆಗೆದ) ದಿನ, ಸೀಕ್ವೆನ್ಸಿಂಗ್ ರನ್ (ಯಂತ್ರದ ಯಾವ ಓಟ). ಪ್ರತಿ ಮನೆಯಲ್ಲಿ ಎಷ್ಟು ಸ್ಯಾಂಪಲ್ ಬಿದ್ದಿವೆ ಎಂದು ತುಂಬಿ. ಕಾಂಡ್ಲಾ ಕೆಸರೆಲ್ಲ ಮೊದಲ ರನ್‌ನಲ್ಲಿ, ಗಜನಿ ಮಣ್ಣೆಲ್ಲ ಎರಡನೆಯದರಲ್ಲಿ ಹೋಗಿದ್ದರೆ ಅರ್ಧದಷ್ಟು ಮನೆಗಳು ಸೊನ್ನೆಯಾಗಿರುತ್ತವೆ. ಆಗ ಜಾಗದ ಪರಿಣಾಮವನ್ನೂ ರನ್‌ನ ಪರಿಣಾಮವನ್ನೂ ಬಿಡಿಸುವ ಸಂಖ್ಯಾಶಾಸ್ತ್ರ ಯಾವುದೂ ಇಲ್ಲ. ಬ್ಯಾಚ್ ತಿದ್ದುವ ಸಾಫ್ಟ್‌ವೇರ್‌ಗೆ ಕೊಟ್ಟರೂ ಅದು ಎರಡನ್ನೂ ಒಟ್ಟಿಗೆ ಅಳಿಸುತ್ತದೆ, ಇಲ್ಲವೇ ಎರಡನ್ನೂ ಹಾಗೇ ಬಿಡುತ್ತದೆ.

ನಮ್ಮ ಕರಾವಳಿಯಲ್ಲಿ ಈ ಗಂಟು ಬೀಳುವುದು ಮಳೆಗಾಲದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಜನಿಯಲ್ಲಿ ಸಿಹಿನೀರು ನಿಂತು ಕಗ್ಗ ಬೆಳೆಯುತ್ತದೆ. ಕೊಯ್ಲು ಮುಗಿದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಮೀನು ಸಾಕುತ್ತಾರೆ. ಒಂದೇ ಗದ್ದೆ ಆರು ತಿಂಗಳಲ್ಲಿ ಎರಡು ಬೇರೆ ಪರಿಸರ. ಗಜನಿಯ ಸ್ಯಾಂಪಲ್ ಆಗಸ್ಟ್‌ನದು, ಕಾಂಡ್ಲಾದ್ದು ಮಾರ್ಚ್‌ನದು ಆಗಿದ್ದರೆ ನೀವು ಹೋಲಿಸುತ್ತಿರುವುದು ಉಪ್ಪಿನ ಅಂಶವನ್ನು. ಸ್ಯಾಂಪಲ್ ತೆಗೆದ ಗಳಿಗೆಯ ಲವಣಾಂಶವನ್ನು ಬರೆದಿಟ್ಟಿದ್ದರೆ ಈಗ ಅದು ದೊಡ್ಡ ಆಸರೆ. ಗುಂಪಿಗೆ ಮುಂಚೆ ಅದನ್ನೇ ಸಂಖ್ಯಾಶಾಸ್ತ್ರದ ಮಾದರಿಯೊಳಗೆ ಹಾಕಿ, ಗುಂಪಿಗೆ ಏನು ಉಳಿಯುತ್ತದೆ ನೋಡಬಹುದು.

ರೀಡ್‌ಗಳನ್ನು ಎಣಿಸಿ

ಎರಡನೆಯ ಪರೀಕ್ಷೆಗೆ ಎರಡೇ ನಿಮಿಷ ಸಾಕು. ಪಿಸಿಓಎ ಚಿತ್ರದ ಚುಕ್ಕೆಗಳಿಗೆ ಗುಂಪಿನ ಬಣ್ಣದ ಬದಲು ಒಟ್ಟು ರೀಡ್‌ಗಳ (ಯಂತ್ರ ಓದಿದ ಡಿಎನ್‌ಎ ತುಂಡುಗಳ) ಸಂಖ್ಯೆಯ ಬಣ್ಣ ಕೊಡಿ. ಮೊದಲ ಅಕ್ಷದ ಎಡತುದಿಯಲ್ಲಿ ಕಡಿಮೆ ರೀಡ್‌ನವು, ಬಲತುದಿಯಲ್ಲಿ ಹೆಚ್ಚಿನವು ಸಾಲಾಗಿ ನಿಂತರೆ ಆ ಅಕ್ಷ ಅಳೆಯುತ್ತಿರುವುದು ಸೀಕ್ವೆನ್ಸಿಂಗ್‌ನ ಆಳವನ್ನು, ಅಂದರೆ ಎಷ್ಟು ರೀಡ್ ಬಂತು ಎಂಬುದನ್ನು. ಕಾಂಡ್ಲಾ ಕೆಸರಿನಲ್ಲಿ ಹ್ಯೂಮಿಕ್ ಆಮ್ಲ ಹೆಚ್ಚು, ಅದು ಪಿಸಿಆರ್ ತಡೆಯುತ್ತದೆ. ಹಾಗಾಗಿ ಒಂದು ಗುಂಪಿಗೆ 8,000, ಇನ್ನೊಂದಕ್ಕೆ 80,000 ರೀಡ್ ಬರುವುದು ಇಂಥ ಹೋಲಿಕೆಯಲ್ಲಿ ಅಚ್ಚರಿಯಲ್ಲ. ರೀಡ್ ಹೆಚ್ಚಿದ್ದಲ್ಲಿ ಅಪರೂಪದ ಜೀವಿಗಳು ಹೆಚ್ಚು ಕಾಣುತ್ತವೆ. ಇದೆ-ಇಲ್ಲ ಎಂದಷ್ಟೇ ನೋಡುವ ಜಕ್ಕಾರ್ಡ್ ಮತ್ತು ತೂಕವಿಲ್ಲದ ಯೂನಿಫ್ರಾಕ್ ಎಂಬ ದೂರಗಳು ಈ ವ್ಯತ್ಯಾಸಕ್ಕೆ ಮೊದಲು ಮೋಸಹೋಗುತ್ತವೆ.

ಪರಿಹಾರದ ಬಗ್ಗೆ ತಜ್ಞರಲ್ಲೇ ಜಗಳವಿದೆ. ಎಲ್ಲ ಸ್ಯಾಂಪಲ್‌ಗಳನ್ನೂ ಒಂದೇ ರೀಡ್ ಸಂಖ್ಯೆಗೆ ಇಳಿಸುವ ರೇರಿಫ್ಯಾಕ್ಷನ್ ದತ್ತಾಂಶ ಹಾಳು ಮಾಡಿದಂತೆ ಎಂದು 2014ರಲ್ಲಿ ಮ್ಯಾಕ್‌ಮರ್ಡಿ ಮತ್ತು ಹೋಮ್ಸ್ ವಾದಿಸಿದರು. 2024ರಲ್ಲಿ ಷ್ಲಾಸ್ ಸಿಮ್ಯುಲೇಶನ್‌ಗಳ ಆಧಾರದಲ್ಲಿ, ರೀಡ್ ಸಂಖ್ಯೆಯ ಅಸಮಾನತೆಯನ್ನು ಹತೋಟಿಗೆ ತರಲು ಸದ್ಯಕ್ಕೆ ಇದೇ ಉತ್ತಮ ದಾರಿ ಎಂದರು. ಸಮುದಾಯಗಳ ನಡುವಿನ ದೂರ ಅಳೆಯುವಾಗ ನಾನು ಎರಡನೆಯ ಪಕ್ಷ. ಆದರೆ ಒಂದೇ ಸಲ ಇಳಿಸಿ ಬಿಡಬೇಡಿ. ನೂರಾರು ಸಲ ಇಳಿಸಿ ದೂರದ ಸರಾಸರಿ ತೆಗೆಯಿರಿ. ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಆದ ಆರ್‌ನ ವೇಗನ್ ಪ್ಯಾಕೇಜ್‌ನಲ್ಲಿ ಅದಕ್ಕೆಂದೇ ಏವ್‌ಜಿಡಿಸ್ಟ್ ಇದೆ.

ರೀಡ್ ಕಡಿಮೆಯಾಗಿದ್ದು ಎಲ್ಲಿ ಎಂಬುದೂ ಮುಖ್ಯ. ಫಿಲ್ಟರ್, ಮರ್ಜ್ (ಎರಡು ಕಡೆಯ ರೀಡ್‌ಗಳನ್ನು ಜೋಡಿಸುವುದು), ಕೈಮೆರಾ (ಪಿಸಿಆರ್‌ನಲ್ಲಿ ಬೆಸೆದುಕೊಂಡ ಸುಳ್ಳು ಸರಣಿ) ತೆಗೆಯುವಿಕೆ, ಹೀಗೆ ಪ್ರತಿ ಹಂತದ ಬಳಿಕ ಎಷ್ಟು ಉಳಿಯಿತು ಎಂದು ಬರೆಯಿರಿ. ಮರ್ಜ್ ಹಂತದಲ್ಲಿ ಒಮ್ಮೆಲೇ ಕುಸಿದಿದ್ದರೆ ಕತ್ತರಿಸಿದ ಉದ್ದ ನೋಡಿ. 16ಎಸ್ ಜೀನ್‌ನ ವಿ3-ವಿ4 ತುಂಡು ಸುಮಾರು 460 ಬೇಸ್ ಉದ್ದ. ಎರಡು ಕಡೆಯಿಂದ 250 ಓದಿದರೆ ಒಟ್ಟು 500, ಅಂದರೆ ನಡುವೆ ಒಂದರ ಮೇಲೊಂದು ಬರುವುದು 40ರಷ್ಟು ಮಾತ್ರ. ಗುಣಮಟ್ಟ ಕಡಿಮೆ ಎಂದು ಒಂದನ್ನು 240ಕ್ಕೆ, ಇನ್ನೊಂದನ್ನು 200ಕ್ಕೆ ಕತ್ತರಿಸಿದರೆ ಒಟ್ಟು 440, ಎರಡು ತುದಿ ಸೇರುವುದೇ ಇಲ್ಲ. ಆಗಲೂ ಕೆಲವು ಸೇರುತ್ತವೆ, ಆ ತುಂಡು ಸಹಜವಾಗಿಯೇ ಗಿಡ್ಡವಾಗಿರುವ ಬ್ಯಾಕ್ಟೀರಿಯಾಗಳದ್ದು. ಅಂದರೆ ಬರೀ ರೀಡ್ ಹೋಗಿದ್ದಲ್ಲ, ಸಮುದಾಯದ ಚಿತ್ರವೇ ಒಂದು ಪಕ್ಕಕ್ಕೆ ವಾಲಿತು.

ಇನ್ನು ಕ್ಲೋರೋಪ್ಲಾಸ್ಟ್ ಮತ್ತು ಮೈಟೋಕಾಂಡ್ರಿಯಾ. ಇವುಗಳಲ್ಲೂ ಅದೇ ಬಗೆಯ ಜೀನ್ ಇರುವುದರಿಂದ ಭತ್ತದ ಬೇರು, ಕಾಂಡ್ಲಾ ಎಲೆ, ಕೆಸರಿನ ಮೇಲಿನ ಡಯಾಟಮ್ ಎಲ್ಲವೂ 16ಎಸ್ ಜೀನ್ ಹಿಡಿಯುವ ಪ್ರೈಮರ್‌ಗೆ ಸಿಕ್ಕಿಬೀಳುತ್ತವೆ. ಅವನ್ನು ತೆಗೆದ ಮೇಲೆ ಉಳಿದ ಎಣಿಕೆಯನ್ನೇ ಆಳ ಎಂದು ಹಿಡಿಯಿರಿ.

ಖಾಲಿ ಟ್ಯೂಬ್ ಏನು ಹೇಳುತ್ತದೆ

ಕೆಸರು ಹಾಕದೆ ಬರೀ ಕಿಟ್‌ನ ದ್ರಾವಣಗಳಿಂದ ನಡೆಸಿದ ಎಕ್ಸ್‌ಟ್ರಾಕ್ಷನ್ ಬ್ಲ್ಯಾಂಕ್ ಇದೆಯೇ? ಇದ್ದರೆ ಅದನ್ನೂ ಪಿಸಿಓಎ ಚಿತ್ರದಲ್ಲಿ ಹಾಕಿ. ನಿಮ್ಮ ಒಂದು ಗುಂಪು ಬ್ಲ್ಯಾಂಕ್‌ನ ಕಡೆಗೆ ಎಳೆದುಕೊಂಡಿದ್ದರೆ ಆ ಗುಂಪಿನಲ್ಲಿ ಡಿಎನ್‌ಎ ಕಡಿಮೆಯಿತ್ತು, ಕಿಟ್‌ನ ಕೊಳೆ ಹೆಚ್ಚು ಬಂದಿದೆ ಎಂದರ್ಥ. ಕಿಟ್‌ಗಳಲ್ಲೇ ಬ್ಯಾಕ್ಟೀರಿಯಾ ಡಿಎನ್‌ಎ ಇರುತ್ತದೆ, ಕಿಟ್‌ನಿಂದ ಕಿಟ್‌ಗೆ ಅದು ಬದಲಾಗುತ್ತದೆ ಎಂಬುದು 2014ರಿಂದ ಚೆನ್ನಾಗಿ ದಾಖಲಾದ ಸಂಗತಿ. ರಾಲ್ಸ್ಟೋನಿಯಾ, ಬ್ರಾಡಿರೈಝೋಬಿಯಂ, ಮಿಥೈಲೋಬ್ಯಾಕ್ಟೀರಿಯಂ ಮೇಲೆ ಕಣ್ಣಿಡಿ. ಬ್ರಾಡಿರೈಝೋಬಿಯಂ ಗದ್ದೆ ಮಣ್ಣಿನಲ್ಲಿ ನಿಜವಾಗಿಯೂ ಇರಬಹುದಾದ್ದರಿಂದ ಹೆಸರು ನೋಡಿ ಅಳಿಸಬೇಡಿ. ಡಿಎನ್‌ಎ ಪ್ರಮಾಣ ಕಡಿಮೆಯಾದಷ್ಟೂ ಅದರ ಪಾಲು ಏರುತ್ತಿದೆಯೇ ಎಂದು ನೋಡಿ. ಡೀಕಂಟ್ಯಾಮ್ ಪ್ಯಾಕೇಜ್ ಮಾಡುವುದು ಇದನ್ನೇ. ಅಳಿವೆಯ ಕೆಸರಿನಲ್ಲಿ ಜೀವಿಗಳು ತುಂಬಿರುವುದರಿಂದ ಈ ತೊಂದರೆ ಕಡಿಮೆ. ಬಾವಿ ನೀರು ಸೋಸಿದ ಫಿಲ್ಟರ್‌ಗಳನ್ನು ಕೆಸರಿನ ಜೊತೆ ಹೋಲಿಸುವವರು ಮಾತ್ರ ಈ ಹೆಜ್ಜೆ ಬಿಡಲೇಬಾರದು.

ಎರಡು ರನ್ ಸೇರಿಸಿದಾಗ

ಎರಡು ರನ್‌ಗಳ ನಡುವೆ ಒಂದೇ ಒಂದು ಎಎಸ್‌ವಿ ಕೂಡ ಸಮಾನವಾಗಿಲ್ಲ ಎಂದು ಕಂಡರೆ ಹೊಸ ಪರಿಸರ ಸಿಕ್ಕಿತು ಎಂದು ಹಿಗ್ಗಬೇಡಿ. ಎಎಸ್‌ವಿ ಎಂದರೆ ಅಕ್ಷರ ಅಕ್ಷರಕ್ಕೂ ಹೊಂದಬೇಕಾದ ಸರಣಿ. ಒಂದು ರನ್‌ನಲ್ಲಿ ಪ್ರೈಮರ್ ತೆಗೆದು ಇನ್ನೊಂದರಲ್ಲಿ ಉಳಿಸಿದ್ದರೆ, ಅಥವಾ ಒಂದೇ ದಿಕ್ಕಿನ ರೀಡ್‌ಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದ್ದರೆ, ಒಂದೇ ಬ್ಯಾಕ್ಟೀರಿಯಾ ಎರಡು ಹೆಸರಲ್ಲಿ ಕೂರುತ್ತದೆ. ಕುಲದ ಮಟ್ಟದಲ್ಲಿ ಕೂಡಿಸಿ ಚಿತ್ರ ತೆಗೆಯಿರಿ. ಎಎಸ್‌ವಿ ಮಟ್ಟದಲ್ಲಿ ಪೂರ್ತಿ ಬೇರೆಯಾಗಿದ್ದ ಗುಂಪುಗಳು ಕುಲದ ಮಟ್ಟದಲ್ಲಿ ಬೆರೆತರೆ ದೋಷ ಹೆಚ್ಚಾಗಿ ಇಲ್ಲೇ ಇದೆ.

ಹೆಸರು ಹಚ್ಚುವ ಡೇಟಾಬೇಸ್ ಕೂಡ ಎರಡೂ ಕಡೆ ಒಂದೇ ಆವೃತ್ತಿಯದಾಗಿರಲಿ. ಸಿಲ್ವಾ 132ರಲ್ಲಿ ಡೆಲ್ಟಾಪ್ರೋಟಿಯೋಬ್ಯಾಕ್ಟೀರಿಯಾ ಅನ್ನಿಸಿಕೊಂಡ ಸಲ್ಫೇಟ್ ಅಪಕರ್ಷಕಗಳು 138ರಲ್ಲಿ ಡಿಸಲ್ಫೋಬ್ಯಾಕ್ಟೆರೋಟಾ ಎಂಬ ಬೇರೆ ವಂಶಕ್ಕೆ ಹೋಗಿವೆ. ಕಾಂಡ್ಲಾ ಕೆಸರಿನ ಮುಖ್ಯ ಜೀವಿಗಳೇ ಅವು. ಹಳೆಯ ಕೋಷ್ಟಕವನ್ನೂ ಹೊಸದನ್ನೂ ಹಾಗೇ ಅಂಟಿಸಿದರೆ ಒಂದು ಕಡೆ ಅವು ಮಾಯವಾದಂತೆ ಕಾಣುತ್ತದೆ.

ಪರ್ಮನೋವಾವನ್ನೇ ಪರೀಕ್ಷಿಸುವುದು

ಇಲ್ಲಿವರೆಗೆ ಎಲ್ಲ ಸರಿಯಿದೆ ಎಂದಾದರೆ ಈಗ ಪರೀಕ್ಷೆಯ ಸರದಿ.

ಮೊದಲು ಚದುರುವಿಕೆ. ಪರ್ಮನೋವಾ ಎರಡು ಗುಂಪುಗಳ ಕೇಂದ್ರ ಬೇರೆಯೇ ಎಂದು ಕೇಳುತ್ತದೆ, ಆದರೆ ಒಂದು ಗುಂಪು ಬಿಗಿಯಾಗಿ, ಇನ್ನೊಂದು ಚೆಲ್ಲಾಪಿಲ್ಲಿಯಾಗಿ ಇದ್ದರೂ ಅದು ಹೌದು ಎನ್ನಬಹುದು. ಗುಂಪುಗಳಲ್ಲಿ ಸ್ಯಾಂಪಲ್ ಸಂಖ್ಯೆ ಸಮವಿದ್ದರೆ ಹೆಚ್ಚು ತೊಂದರೆಯಿಲ್ಲ. ಸಮವಿಲ್ಲದೆ, ಚಿಕ್ಕ ಗುಂಪೇ ಹೆಚ್ಚು ಚದುರಿದ್ದರೆ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುತ್ತದೆ. ದೊಡ್ಡ ಗುಂಪು ಹೆಚ್ಚು ಚದುರಿದ್ದರೆ ಇರುವುದನ್ನೂ ಮುಚ್ಚಿಬಿಡುತ್ತದೆ. ವೇಗನ್‌ನ ಬೀಟಾಡಿಸ್ಪರ್ ಓಡಿಸಿ, ಪ್ರತಿ ಗುಂಪಿನ ಚುಕ್ಕೆಗಳು ತಮ್ಮ ಕೇಂದ್ರದಿಂದ ಎಷ್ಟು ದೂರ ಎಂದು ನೋಡಿ. ವರ್ಷವಿಡೀ ತೆಗೆದ ಗಜನಿ ಮಣ್ಣು ಕಾಂಡ್ಲಾ ಕೆಸರಿಗಿಂತ ಹೆಚ್ಚು ಚದುರಿದ್ದರೆ ಅದನ್ನು ದೋಷ ಎಂದು ಬಚ್ಚಿಡಬೇಕಿಲ್ಲ. ಸಿಹಿ-ಉಪ್ಪು ಎರಡನ್ನೂ ಕಾಣುವ ನೆಲದ ಸಮುದಾಯ ಹಾಗಿರುವುದು ಸಹಜ, ಅದನ್ನೇ ಫಲಿತಾಂಶವಾಗಿ ಬರೆಯಿರಿ. ‘ಕೇಂದ್ರ ಬೇರೆ’ ಎಂದು ಬರೆಯಬೇಡಿ, ಅಷ್ಟೇ.

ಎರಡನೆಯದು, ಎಲ್ಲಕ್ಕಿಂತ ದೊಡ್ಡದು: ನಿಮ್ಮ ಸ್ವತಂತ್ರ ಘಟಕ ಯಾವುದು? ಒಂದು ಗಜನಿ ಗದ್ದೆಯಿಂದ ಹತ್ತು ಕೋರ್ (ಕೊಳವೆ ಇಳಿಸಿ ತೆಗೆದ ಮಣ್ಣಿನ ಕಂಬ) ತೆಗೆದರೆ ಅದು ಹತ್ತು ಗದ್ದೆಯ ಸಾಕ್ಷ್ಯವಲ್ಲ. ಒಂದೇ ಹಂಡೆಯ ಹತ್ತು ಅಗುಳು ಹಿಚುಕಿ ಊರಿನ ಎಲ್ಲ ಮನೆಯ ಅನ್ನ ಬೆಂದಿದೆ ಎಂದಂತೆ ಅದು. ಹತ್ತು ಕೋರ್‌ಗಳ ಹೆಸರನ್ನು ಬಿಡಿಬಿಡಿಯಾಗಿ ಕಲಸಿದರೆ ಪಿ ಬೆಲೆ ಕುಸಿಯುವುದು ಗ್ಯಾರಂಟಿ, ಏಕೆಂದರೆ ಒಂದೇ ಗದ್ದೆಯ ಕೋರ್‌ಗಳು ಹೇಗೂ ಒಂದರಂತೊಂದು ಇರುತ್ತವೆ. ಡಿಎನ್‌ಎ ತೆಗೆದ ತಾರೀಕಿಗೂ 0.001 ಬರುವುದಕ್ಕೆ ಇದೇ ಕಾರಣವಾಗಿರಬಹುದು. ಒಂದು ಗದ್ದೆಯ ಟ್ಯೂಬ್‌ಗಳನ್ನೆಲ್ಲ ಒಂದೇ ದಿನ ಕೈಗೆತ್ತಿಕೊಳ್ಳುವುದು ಲ್ಯಾಬ್‌ನ ವಾಡಿಕೆ.

ಸರಿಯಾದ ಕ್ರಮದಲ್ಲಿ ಗದ್ದೆಯನ್ನು ಇಡಿಯಾಗಿ ಒಂದು ಘಟಕ ಎಂದು ಹಿಡಿದು ಕಲಸಬೇಕು. ಆರ್‌ನ ಪರ್ಮ್ಯೂಟ್ ಪ್ಯಾಕೇಜ್‌ನಲ್ಲಿ ಹೌ ಎಂಬ ಆಜ್ಞೆಯೊಳಗೆ ಪ್ಲಾಟ್ಸ್ ಎಂದು ಗದ್ದೆಯನ್ನು ಹೇಳಿ, ಒಳಗಿನ ಕೋರ್‌ಗಳನ್ನು ಕಲಸದಂತೆ ಬಿಟ್ಟರೆ ಅದು ಆಗುತ್ತದೆ. ಇದಕ್ಕೆ ಬದಲು ಗದ್ದೆಯನ್ನು ಸ್ಟ್ರಾಟಾ ಎಂದು ಕೊಡುವವರಿದ್ದಾರೆ. ಸ್ಟ್ರಾಟಾ ಕೊಟ್ಟರೆ ಕಲಸುವುದು ಗದ್ದೆಯ ಒಳಗೆ ಮಾತ್ರ. ಒಂದು ಗದ್ದೆಯೊಳಗೆ ಗುಂಪಿನ ಹೆಸರು ಬದಲಾಗುವುದೇ ಇಲ್ಲವಾದ್ದರಿಂದ ಎಫ್ ಕದಲುವುದಿಲ್ಲ, ಪಿ ಬೆಲೆ 1 ಬರುತ್ತದೆ. ಪಿ 1 ಕಂಡರೆ ವ್ಯತ್ಯಾಸ ಇಲ್ಲ ಎಂದು ಬರೆಯುವ ಮುನ್ನ ಇದನ್ನು ನೋಡಿ. ಸ್ಟ್ರಾಟಾ ಬೇಕಾಗುವುದು ಪ್ರತಿ ಗದ್ದೆಯಲ್ಲೂ ಮಳೆಗಾಲದ್ದು, ಬೇಸಿಗೆಯದು ಎರಡೂ ಇದ್ದು ಋತುವನ್ನು ಪರೀಕ್ಷಿಸುವಾಗ.

ಗದ್ದೆಯೇ ಘಟಕ ಎಂದಾದ ಮೇಲೆ ಲೆಕ್ಕ ಕಠಿಣವಾಗುತ್ತದೆ. ಮೂರು ಗದ್ದೆ, ಮೂರು ಕಾಂಡ್ಲಾ ತಾಣ ಇದ್ದರೆ ಹೆಸರು ಹಂಚುವ ವಿಧಗಳು 20. ಎರಡು ಹೆಸರು ಅದಲುಬದಲಾದರೂ ಎಫ್ ಅದೇ ಆದ್ದರಿಂದ ನಿಜಕ್ಕೂ ಬೇರೆಯಾದವು 10. ಸಿಗಬಹುದಾದ ಅತಿ ಚಿಕ್ಕ ಪಿ 0.1. ನಾಲ್ಕು-ನಾಲ್ಕು ಇದ್ದರೆ 35 ವಿಧ, ಸುಮಾರು 0.029. ಐದು-ಐದಕ್ಕೆ 126 ವಿಧ, ಸುಮಾರು 0.008. ಕೋರ್ ಎಷ್ಟು ಹೆಚ್ಚಿಸಿದರೂ ಈ ಸಂಖ್ಯೆ ಬದಲಾಗದು, ತಾಣ ಹೆಚ್ಚಿಸಬೇಕು.

ಉತ್ತರ ಕನ್ನಡ ಜಿಲ್ಲೆಯಲ್ಲಿ ಬಹಳ ಜನರಿಗೆ ಆಸೆ ಹುಟ್ಟಿಸುವ ಒಂದು ಪ್ರಶ್ನೆ ಇದೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟು. ಶಿರಸಿ ಕಡೆ ಹುಟ್ಟಿ ಬರುವ ಅಘನಾಶಿನಿಗೆ ಒಂದೂ ಇಲ್ಲ, ಅದರ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಎರಡೂ ಅಳಿವೆಗಳ ಕೆಸರನ್ನು ಹೋಲಿಸಿ ಅಣೆಕಟ್ಟಿನ ಪರಿಣಾಮ ತೋರಿಸಬಹುದಲ್ಲ ಎನಿಸುತ್ತದೆ. ಕಾರವಾರದ ಕಡೆ ಐವತ್ತು, ಕುಮಟಾ ಕಡೆ ಐವತ್ತು ಸ್ಯಾಂಪಲ್ ತೆಗೆದರೂ ಅಣೆಕಟ್ಟಿನ ಪ್ರಶ್ನೆಗೆ ನಿಮ್ಮಲ್ಲಿರುವುದು ಗುಂಪಿಗೊಂದು ನದಿ. ಅಣೆಕಟ್ಟಿರುವ ಶರಾವತಿಯನ್ನೂ ದೊಡ್ಡ ಅಣೆಕಟ್ಟಿಲ್ಲದ ಗಂಗಾವಳಿಯನ್ನೂ ಸೇರಿಸಿದರೆ ಎರಡಕ್ಕೆ ಎರಡು. ಹಂಚುವ ವಿಧ ಆರು, ಬೇರೆಯಾದವು ಮೂರು, ಅತಿ ಚಿಕ್ಕ ಪಿ 0.33. ಅದು ಪರೀಕ್ಷೆಯ ಬಲಹೀನತೆಯಲ್ಲ. ಈ ನದಿಗಳು ಕಲ್ಲು, ಮಣ್ಣು, ಊರು, ಮಳೆ ಎಲ್ಲದರಲ್ಲೂ ಒಂದಕ್ಕಿಂತ ಒಂದು ಬೇರೆ. ‘ಕಾಳಿ ಮತ್ತು ಅಘನಾಶಿನಿ ಅಳಿವೆಗಳ ಸಮುದಾಯಗಳು ಬೇರೆ’ ಎಂದು ಬರೆಯಿರಿ, ಅದು ನಿಜ ಮತ್ತು ಉಪಯುಕ್ತ. ಅಣೆಕಟ್ಟಿನಿಂದ ಹೀಗಾಯಿತು ಎಂದು ಈ ದತ್ತಾಂಶದಿಂದ ಬರೆಯುವ ಹಕ್ಕು ನಮಗಿಲ್ಲ.

ಮೂರನೆಯದು ಮಾದರಿಯ ಪದಗಳ (ಜಾಗ, ಲವಣಾಂಶದಂಥವುಗಳ) ಅನುಕ್ರಮ. ಪರ್ಮನೋವಾ ಮಾಡುವ ವೇಗನ್‌ನ ಅಡೋನಿಸ್2ರಲ್ಲಿ ಒಂದೊಂದೇ ಪದವನ್ನು ಸಾಲಾಗಿ ಪರೀಕ್ಷಿಸಿದರೆ ಮೊದಲು ಬರೆದದ್ದಕ್ಕೆ ಹೆಚ್ಚು ಪಾಲು ಸಿಗುತ್ತದೆ. ಜಾಗ-ಲವಣಾಂಶ ಎಂದು ಒಮ್ಮೆ, ಲವಣಾಂಶ-ಜಾಗ ಎಂದು ಒಮ್ಮೆ ಓಡಿಸಿ. ಆರ್-ಸ್ಕ್ವೇರ್ ತಲೆಕೆಳಗಾದರೆ ಎರಡೂ ಹೆಣೆದುಕೊಂಡಿವೆ ಎಂದು ತಿಳಿಯಿರಿ. ಬೈ ಎಂಬಲ್ಲಿ ಟರ್ಮ್ಸ್ ಅಥವಾ ಮಾರ್ಜಿನ್ ಎಂದು ನೀವೇ ಬರೆಯಿರಿ, ಡೀಫಾಲ್ಟ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ.

ಚಿತ್ರ ಬಿಲ್ಲಿನಂತೆ ಬಾಗಿದರೆ

ಕಾಳಿಯಲ್ಲಿ ಕೋಡಿಬಾಗದ ಅಳಿವೆಯಿಂದ ಕದ್ರಾ ಕಡೆಗೆ ಸ್ಯಾಂಪಲ್ ತೆಗೆಯುತ್ತ ಹೋದರೆ ಪಿಸಿಓಎ ಚುಕ್ಕೆಗಳು ಬಾಗಿದ ಸಾಲಾಗಿ ಕೂರುತ್ತವೆ. ನಡುವಿನ ತಾಣಗಳು ಎರಡನೆಯ ಅಕ್ಷದಲ್ಲಿ ಮೇಲಕ್ಕೆ ಎದ್ದು ಕಾಣುವುದು ದೂರದ ಲೆಕ್ಕಾಚಾರದ ಗುಣ. ಎರಡು ತುದಿಗಳಿಗೂ ಸಮಾನ ಜೀವಿಗಳೇ ಇಲ್ಲವಾದಾಗ ಬ್ರೇ-ಕರ್ಟಿಸ್ 1ಕ್ಕೆ ಮುಟ್ಟಿ ನಿಂತುಬಿಡುತ್ತದೆ. ನಡುವಿನವನ್ನು ಮೂರನೆಯ ಸಮುದಾಯ ಎಂದು ಹೆಸರಿಡಬೇಡಿ. ಗುಂಪು ಮಾಡದೆ ಲವಣಾಂಶವನ್ನು ನಿರಂತರ ಸಂಖ್ಯೆಯಾಗಿಯೇ ಮಾದರಿಗೆ ಕೊಡಿ.

ಯಾವ ಬ್ಯಾಕ್ಟೀರಿಯಾ ಹೆಚ್ಚಾಯಿತು ಎಂದು ಕೇಳುವಾಗ

ಸೀಕ್ವೆನ್ಸರ್ ಕೊಡುವುದು ಪಾಲು ಮಾತ್ರ, ಪ್ರಮಾಣ ಅಲ್ಲ. ಒಂದು ಕೆಸರಿನಲ್ಲಿ ಮೂರು ಬ್ಯಾಕ್ಟೀರಿಯಾಗಳು ತಲಾ 100 ಇವೆ ಎಂದುಕೊಳ್ಳಿ. ಇನ್ನೊಂದರಲ್ಲಿ ಮೊದಲನೆಯದು 400, ಉಳಿದೆರಡು 100ರಲ್ಲೇ ಇವೆ. ಪಾಲಿನಲ್ಲಿ ಉಳಿದೆರಡು ಶೇ. 33ರಿಂದ 17ಕ್ಕೆ ಇಳಿದವು. ಏನೂ ಆಗದ ಎರಡು ಜೀವಿಗಳು ಅರ್ಧಕ್ಕೆ ಕುಸಿದಂತೆ ಕಾಣುತ್ತವೆ. ಅವೆರಡರ ಪರಸ್ಪರ ಅನುಪಾತ ಮಾತ್ರ ಎರಡೂ ಕಡೆ 1. ಅನುಪಾತಗಳ ಲಾಗ್ ಹಿಡಿಯಬೇಕೆಂದು ಸಂಖ್ಯಾಶಾಸ್ತ್ರಜ್ಞ ಐಚಿಸನ್ 1980ರ ದಶಕದಲ್ಲೇ ಹೇಳಿದ್ದು ಇದಕ್ಕೇ. ಆಲ್ಡೆಕ್ಸ್2 ಪ್ಯಾಕೇಜ್ ನೇರವಾಗಿ ಆ ದಾರಿಯಲ್ಲಿದೆ, ಆಂಕಾಮ್-ಬಿಸಿ ಎಂಬ ಇನ್ನೊಂದು ಅದೇ ತೊಂದರೆಯಿಂದ ಬರುವ ಪಕ್ಷಪಾತವನ್ನು ಅಂದಾಜು ಮಾಡಿ ತಿದ್ದುತ್ತದೆ.

ಸಿಎಲ್‌ಆರ್ (ಪ್ರತಿ ಎಣಿಕೆಯನ್ನು ಆ ಸ್ಯಾಂಪಲ್‌ನ ಗುಣೋತ್ತರ ಸರಾಸರಿಯಿಂದ ಭಾಗಿಸಿ ಲಾಗ್ ತೆಗೆಯುವುದು) ಮಾಡಿದರೆ ಸೀಕ್ವೆನ್ಸಿಂಗ್ ಆಳದ ತೊಂದರೆ ತೀರಿತು ಎಂಬ ನಂಬಿಕೆ ಮಾತ್ರ ತಪ್ಪು. ಸೊನ್ನೆಗೆ ಲಾಗ್ ಇಲ್ಲವಾದ್ದರಿಂದ ಹಲವರು 1 ಕೂಡಿಸುತ್ತಾರೆ. 5,000 ರೀಡ್ ಇರುವಲ್ಲಿ ಆ 1 ಎಂದರೆ ಐದು ಸಾವಿರಕ್ಕೆ ಒಂದು. 2,00,000 ಇರುವಲ್ಲಿ ಎರಡು ಲಕ್ಷಕ್ಕೆ ಒಂದು. ಎರಡೂ ಕಡೆ ಕಾಣದ ಜೀವಿಗೆ ನಲವತ್ತು ಪಟ್ಟು ವ್ಯತ್ಯಾಸವನ್ನು ನಾವೇ ಕೊಟ್ಟಂತಾಯಿತು. ಸೊನ್ನೆಗಳೇ ತುಂಬಿದ ಕೋಷ್ಟಕದಲ್ಲಿ ಐಚಿಸನ್ ದೂರವೂ (ಸಿಎಲ್‌ಆರ್ ಬೆಲೆಗಳ ನಡುವಿನ ದೂರ) ರೀಡ್ ಸಂಖ್ಯೆಯನ್ನೇ ಅಳೆಯತೊಡಗುತ್ತದೆ. ರೀಡ್ ಸಂಖ್ಯೆಯ ಬಣ್ಣದ ಪರೀಕ್ಷೆಯನ್ನು ಇಲ್ಲೂ ಮತ್ತೆ ಮಾಡಿ. ಬಹುತೇಕ ಸ್ಯಾಂಪಲ್‌ಗಳಲ್ಲಿ ಕಾಣದ ಎಎಸ್‌ವಿಗಳನ್ನು ಗುಂಪಿನ ಹೆಸರು ನೋಡದೆ ಮೊದಲೇ ತೆಗೆಯಿರಿ. ಎರಡು ವಿಧಾನಗಳಲ್ಲೂ ಉಳಿಯುವ ಹೆಸರುಗಳನ್ನಷ್ಟೇ ಮುಂದಿಡಿ, ಒಂದರಲ್ಲಿ ಮಾತ್ರ ಬಂದವನ್ನು ಪೂರಕ ಕೋಷ್ಟಕದಲ್ಲಿ ಹಾಗೆಂದೇ ತಿಳಿಸಿ.

ಕಾಣದೆ ಉಳಿದವನ್ನೂ ಸೇರಿಸಿ ಎಷ್ಟು ಬಗೆಯ ಜೀವಿಗಳಿವೆ ಎಂದು ಅಂದಾಜಿಸುವ ಚಾವ್1 ಬಗ್ಗೆ ಒಂದು ಮಾತು. ಅದು ಒಂದೇ ಸಲ ಕಂಡ ಸರಣಿಗಳ ಎಣಿಕೆಯ ಮೇಲೆ ನಿಂತಿದೆ, ರೀಡ್‌ಗಳಿಂದ ಎಎಸ್‌ವಿ ಗುರುತಿಸುವ ಡಾಡಾ2 ಅಂಥವನ್ನು ಕೊಡುವುದಿಲ್ಲ. ಡಾಡಾ2 ಕೋಷ್ಟಕಕ್ಕೆ ಚಾವ್1 ಲೆಕ್ಕ ಹಾಕಬೇಡಿ.

ದೋಷ ಸಿಕ್ಕಿತು, ಆದರೆ ಬಿಡಿಸಲಾಗದು

ಜಾಗ ಮತ್ತು ಎಕ್ಸ್‌ಟ್ರಾಕ್ಷನ್ ಬ್ಯಾಚ್ ಪೂರ್ತಿ ಒಂದಾಗಿವೆ ಎಂದು ಮೊದಲ ಕೋಷ್ಟಕವೇ ಹೇಳಿದ್ದರೆ ಮತ್ತೆ ಕೆಸರಿನ ಬಳಿಗೇ ಹೋಗಬೇಕು. ಮೈನಸ್ 80ರ ಫ್ರೀಜರ್‌ನಲ್ಲಿ ಉಳಿಕೆ ಇದ್ದರೆ ಎಲ್ಲವನ್ನೂ ಮತ್ತೆ ಮಾಡಬೇಕಿಲ್ಲ. ಎರಡೂ ಗುಂಪಿನಿಂದ, ಪ್ರತಿ ತಾಣಕ್ಕೂ ಒಂದಾದರೂ ಬರುವಂತೆ ಆಯ್ದುಕೊಳ್ಳಿ. ಕ್ರಮ ಕಲಸಿ, ಒಂದೇ ಕಿಟ್‌ನಲ್ಲಿ, ಎರಡು ಬ್ಲ್ಯಾಂಕ್ ಜೊತೆಗಿಟ್ಟು ಡಿಎನ್‌ಎ ತೆಗೆದು ಒಂದೇ ರನ್‌ಗೆ ಕಳಿಸಿ. ಹೊಸ ರನ್‌ನಲ್ಲಿ ಒಂದು ತಾಣದ ಸ್ಯಾಂಪಲ್ ತನ್ನ ಹಳೆಯ ಜೋಡಿಯ ಪಕ್ಕದಲ್ಲೇ ಕೂತರೆ ಹಳೆಯ ದತ್ತಾಂಶ ಬಳಸಬಹುದು. ಜೋಡಿ ಬಿಟ್ಟು ಹೊಸ ರನ್‌ನವೆಲ್ಲ ಒಟ್ಟಾಗಿ ಬೇರೆ ಕಡೆ ಕೂತರೆ ಗುಂಪುಗಳ ಹೋಲಿಕೆಯನ್ನು ಹೊಸ ಸ್ಯಾಂಪಲ್‌ಗಳಿಂದ ಮಾತ್ರ ಮಾಡಿ. ಹಳೆಯ ರನ್‌ಗಳನ್ನು ಆಯಾ ಗುಂಪಿನ ಒಳಗಿನ ಆಳ, ಋತುಗಳ ಪ್ರಶ್ನೆಗೆ ಉಳಿಸಿಕೊಳ್ಳಿ.